ನಕ್ಕರೆ ಕ್ಯಾಮೆರಾ ಮುಚ್ಚುತ್ತಿದ್ದವರು

ನಿಲಂಗಾದ ಬಸ್ ಸ್ಟ್ಯಾಂಡಿನ ಎದುರು ಅವರ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹೋದ ವಾರ ಮಗಳಿಗೊಂದು ಕವರು ಕೊಳ್ಳಲು ಹೋದಾಗ, ಇಲ್ಲಿದ್ದ ಫೋಟೋದವರು ಎಲ್ಲಿ ಎಂದು ಅಂಗಡಿಯವನನ್ನು ಕೇಳಿದೆ.

"ಲಾತೂರಕ್ಕ ಮಗಳ ಮನಿಗಿ ಹೋಗ್ಯಾರ್ರೀ" ಅಂದ.

ಪಕ್ಕದ ಪಾನ್ ಅಂಗಡಿಯವನು ಎಲೆಗೆ ಸುಣ್ಣ ಸವರುತ್ತಲೇ ತಿದ್ದಿದ: "ಮಗಳೆಲ್ಲಿ ಅದಾಳೋ ಅವರಿಗಿ? ಸೊಲ್ಲಾಪುರದಾಗ ತಮ್ಮನ ಹತ್ರ ಅದಾರ. ನನಗ ಅವರೇ ಹೇಳ್ಯಾರ."

"ನನಗೂ ಅವರೇ ಹೇಳ್ಯಾರಪ್ಪಾ."

ಇಬ್ಬರೂ ನನ್ನ ಮುಂದೆ ವಾದಕ್ಕೆ ನಿಂತರು. ನಾನು ಕವರು ತೆಗೆದುಕೊಂಡು ಬಂದುಬಿಟ್ಟೆ. ಎರಡೂ ಸುಳ್ಳಿರಬಹುದು, ಎರಡನ್ನೂ ಅವರೇ ಬಿತ್ತಿ ಹೋಗಿರಬಹುದು. ಅವರು ಇದ್ದಾಗಲೂ ಅಷ್ಟೇ. ನಿಲಂಗಾದಲ್ಲಿ ಯಾರಾದರೂ ಊರು ಯಾವುದೆಂದರೆ ಉದಗೀರ ಅನ್ನುವರು. ಉದಗೀರದಲ್ಲಿ ಕೇಳಿದರೆ ಉಮರ್ಗಾ. ಉಮರ್ಗಾದಲ್ಲಿ ನಮ್ಮ ಯಜಮಾನರ ಗೆಳೆಯರೊಬ್ಬರು ಕೇಳಿದಾಗ "ಇಲ್ಲೇರೀ, ಗಡಿ ದಾಟಿದ್ರ ಆತು" ಅಂದರಂತೆ. ಸುಳ್ಳು ಹೇಳುವವರಿಗೆ ಮಾತು ಮುಗಿಸುವ ಅವಸರ ಇರುತ್ತದೆ. ಇವರಿಗೆ ಅದೂ ಇರಲಿಲ್ಲ. ಬಡೇಸೋಪು ಅಗಿಯುತ್ತ ಆರಾಮಾಗಿ ಹೇಳುವರು.

ಬೀದರದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಯಾರ ಬಗ್ಗೆಯೂ ಕೆಟ್ಟದ್ದನ್ನು ಎಣಿಸಬಾರದು ಎಂದು ಕಲಿಸಿದ್ದರು. ಅವರು ಈ ಮನುಷ್ಯನನ್ನು ನೋಡಿರಲಿಲ್ಲ.

ನೋಡಲು ಏನೂ ವಿಶೇಷವಿರಲಿಲ್ಲ. ತೆಳ್ಳಗಿನ ಆಳು, ಹಿಮ್ಮಡಿ ತುಳಿದು ಚಪ್ಪಲಿ ಮಾಡಿಕೊಂಡ ಕ್ಯಾನ್ವಾಸ್ ಬೂಟು, ಅಂಗಿಯ ಜೇಬಿನಿಂದ ಹಣಕುವ ಹಳದಿ ಬಟ್ಟೆಯ ತುಂಡು. ಎಡಗಣ್ಣನ್ನು ಯಾವಾಗಲೂ ಅರ್ಧ ಮುಚ್ಚಿರುತ್ತಿದ್ದರು, ಕ್ಯಾಮೆರಾ ಕೈಯಲ್ಲಿ ಇಲ್ಲದಾಗಲೂ. ಮಾತನಾಡುವಾಗ ಎದುರಿಗಿದ್ದವರಿಗೆ ಗುರಿ ಇಟ್ಟಂತೆ ಕಾಣುತ್ತಿತ್ತು. ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ. ಮದುವೆಯ ಕೆಲಸಕ್ಕೆ ಹೋದರೂ ಊಟ ಮಾಡದೆ ಬರುತ್ತಿದ್ದರಂತೆ. ನಮ್ಮ ಕಡೆ ಚಹಾ ಒಲ್ಲೆ ಎನ್ನುವವರ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.

ನನಗೆ ಅವರು ಗುರುತಾದದ್ದು ಮಗಳ ಶಾಲೆಯ ಗುರುತಿನ ಚೀಟಿಗೆ ಫೋಟೋ ತೆಗೆಸಲು ಹೋದಾಗ. ಗೋಡೆಯ ಮೇಲೆ ಎಲ್ಲ ಸ್ಟುಡಿಯೋಗಳಲ್ಲಿರುವಂತೆ ಮದುಮಗಳ ಚಿತ್ರ, ಹಿಂದೆ ಜಲಪಾತ ಬರೆದ ಪರದೆ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, "ಹ್ಞಾ, ಮಾರಿ ಹಿಂಗೇ ಇರಲಿ. ಏನೂ ವಿಚಾರ ಮಾಡಬ್ಯಾಡ. ವಿಚಾರ ಮಾಡಿದ ಮಾರಿ ಸಾಲ್ಯಾಗ ನಡೆಯೂದಿಲ್ಲ" ಎಂದು ಆಕಳಿಸುತ್ತ ಗುಂಡಿ ಒತ್ತಿದರು. ಫೋಟೋ ತೆಗೆಯುವಾಗ ಆಕಳಿಸಿದ ಫೋಟೋಗ್ರಾಫರನನ್ನು ನಾನು ಅದೇ ಮೊದಲು ನೋಡಿದ್ದು. ಮಗಳಿಗೆ ಸಿಟ್ಟು ಬಂತು. "ಯಾಕ ನಡೆಯೂದಿಲ್ಲ?" ಎಂದು ಹುಬ್ಬು ಗಂಟಿಕ್ಕಿ ನೋಡಿದಳು. ಆಕಳಿಕೆ ಎಲ್ಲಿ ಹೋಯಿತೋ, ಟಕ್ಕನೆ ಇನ್ನೊಂದು ತೆಗೆದರು. ಲಕೋಟೆಯಲ್ಲಿ ಬಂದದ್ದು ಮೊದಲನೆಯದು ಮಾತ್ರ.

"ಎರಡನೇದು ಎಲ್ಲದರೀ?"

"ಅದು ನಂದು, ವೈನಿ" ಅಂದರು.

ನನ್ನ ಮಗಳ ಫೋಟೋ ಅವರದು ಹೇಗಾಗುತ್ತದೆ? ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಔರಾದ ಶಹಾಜನಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ನಾಲ್ಕು ಊರಿನವರು ಬರುವ ಜಾಗ, ಸುದ್ದಿಗೆ ಕೊರತೆಯಿಲ್ಲ. ಅವರು ವಿಚಾರಿಸಿ ಬಂದು, "ಮನಷ್ಯಾ ಕೆಟ್ಟಾಂವ ಅಂತ ಯಾರೂ ಅಂಬೂದಿಲ್ಲ. ಛಲೋ ಅದಾನ ಅಂತನೂ ಯಾರೂ ಅಂಬೂದಿಲ್ಲ" ಅಂದರು. ಅದು ನನ್ನ ಅನುಮಾನವನ್ನು ಇಳಿಸಲಿಲ್ಲ.

ಆಮೇಲೆ ಅವರನ್ನು ನಮ್ಮೂರ ವಾರದ ಸಂತೆಯಲ್ಲಿ ಗಮನಿಸತೊಡಗಿದೆ. ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡ ಒಬ್ಬ ಕುರುಬರ ಹೆಂಗಸು ಕಂಬಳಿ ಹರವಿ ಕೂತಿದ್ದಳು. ಅಕ್ಕಪಕ್ಕದವರೊಡನೆ ಅವಳ ಮಾತೆಲ್ಲ ಕನ್ನಡ. ಇವರು ಅದನ್ನು ಕೇಳಿಸಿಕೊಂಡೇ ಹತ್ತಿರ ಹೋಗಿ, ಕಚೇರಿಯವರಾಡುವ ಮರಾಠಿಯಲ್ಲಿ, ಮಾವಶೀ ಇದು ಖರೇ ಉಣ್ಣೆಯದೇ ಏನು ಎಂದು ಕೇಳಿದರು. ಅವಳು ಮಾತು ನಿಲ್ಲಿಸಿ ತಲೆಯೆತ್ತಿದಳು. ಕಣ್ಣು ಸಣ್ಣದಾಯಿತು, ಒಂದು ಕೈ ಕಂಬಳಿಯ ಅಂಚನ್ನು ಹಿಡಿದುಕೊಂಡಿತು. ಫೋಟೋ ಆಯಿತು. ತಕ್ಷಣ ಇವರು, "ಉಣ್ಣಿ ಛಲೋ ಅದ ಯವ್ವಾ" ಎಂದು ಅಚ್ಚ ಕನ್ನಡಕ್ಕೆ ಇಳಿದರು.

"ಇಷ್ಟೊತ್ತು ನಿನ್ನ ನಾಲಿಗಿ ಎಲ್ಲಿ ಬಿಟ್ಟು ಬಂದಿದ್ದಿ?" ಎಂದು ಅವಳು ಬಾಯಿತುಂಬ ನಕ್ಕಳು. ಎಂಥ ನಗು ಅಂತೀರಿ, ಉಳಿದ ಫೋಟೋದವರು ಅಂಥದಕ್ಕೆ ದಿನವಿಡೀ ಕಾಯುತ್ತಾರೆ. ಇವರು ಜೇಬಿನಿಂದ ಮುಚ್ಚಳ ತೆಗೆದು ಕ್ಯಾಮೆರಾದ ಕಣ್ಣು ಮುಚ್ಚಿದರು. ಮುಂದೆ ಹೋಗಿ ಉಳ್ಳಾಗಡ್ಡಿ ಮಾರುವ ಮರಾಠಿಯವನ ಹತ್ತಿರ ಕನ್ನಡದಲ್ಲಿ ಶುರು ಮಾಡಿದರು.

ಹೊರಗಿನವರಿಗೆ ಇದು ಹುಡುಗಾಟವಾಗಿ ಕಾಣಬಹುದು. ಈ ಗಡಿಯಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ, ಒಂದೇ ಮಾತಿನಲ್ಲಿ ಅರ್ಧ ಅದು ಅರ್ಧ ಇದು ಬೆರೆಸಿ ಆಡುತ್ತೇವೆ. ಆದರೆ ಗುರುತಿಲ್ಲದವನು ಮೊದಲ ಮಾತನ್ನು ಯಾವುದರಲ್ಲಿ ತೆಗೆದ ಎಂಬುದನ್ನು ನಾವು ಮರೆಯುವುದಿಲ್ಲ. ಅವನು ನಮ್ಮವನೋ, ಯಾವ ಆಫೀಸಿನವನೋ, ಕೇಳಲು ಬಂದನೋ ಕಸಿಯಲು ಬಂದನೋ, ಎಲ್ಲ ಅಲ್ಲೇ ಅಳೆದು ಮುಗಿಸುತ್ತೇವೆ. ಇವರು ಬೇಕಂತಲೇ ತಪ್ಪು ಬಾಗಿಲು ಬಡಿಯುತ್ತಿದ್ದರು. ಯಾಕೆ ಎನ್ನುವುದು ತಿಳಿಯುವ ಮೊದಲೇ ಅವರು ನಮ್ಮ ಹೊಲದ ಬದುವಿನ ಮೇಲೆ ಬಂದು ನಿಂತರು.

ಆ ಹೊಲ ಊರ ಹೊರಗೆ ಬೀದರದ ಕಡೆ ಹೋಗುವ ರಸ್ತೆಗೆ ಹತ್ತಿ ಇದೆ. ಮಾವನವರನ್ನು ಮಣ್ಣು ಮಾಡಿದ್ದು ಅಲ್ಲೇ, ಬಾವಿಯ ಹತ್ತಿರ ಬೇವಿನ ಗಿಡದ ಕೆಳಗೆ. ನಮ್ಮಲ್ಲಿ ಹಾಗೆಯೇ, ಉತ್ತ ಹೊಲದಲ್ಲೇ ಮನುಷ್ಯನನ್ನು ಕೂರಿಸುತ್ತಾರೆ. ಅತ್ತೆ ಅದನ್ನು ಗದ್ಗಿ ಅನ್ನುತ್ತಾರೆ, ಅಮಾವಾಸ್ಯೆಗೊಮ್ಮೆ ಎಡೆ ಒಯ್ಯುತ್ತಾರೆ. ಆ ವರ್ಷ ಹೊಸ ರಸ್ತೆ ಬರುತ್ತದೆ, ರಸ್ತೆಯ ಎರಡೂ ಕಡೆ ಜಮೀನು ಹೋಗುತ್ತದೆ ಎಂಬ ಮಾತು ನಮ್ಮ ಅಂಗಡಿಯಲ್ಲೇ ದಿನಾ ಕೇಳುತ್ತಿತ್ತು. ಅಂಥ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದ ಮನುಷ್ಯ ಬದುವಿನ ಮೇಲೆ ನಿಂತು, ಕಳೆ ತೆಗೆಯುತ್ತಿದ್ದ ಅತ್ತೆಯನ್ನು ಮರಾಠಿಯಲ್ಲಿ, "ಆಜೀ, ಈ ಶೇತ ಯಾರದು?" ಎಂದು ಹೊಲ ತೋರಿಸಿ ಕೇಳಿದ್ದ.

ಅತ್ತೆ ಮನೆಗೆ ಬಂದು ಕುಡುಗೋಲು ಕೂಡ ಕೆಳಗಿಡಲಿಲ್ಲ.

"ಆಫೀಸಿನಾಂವ ಬಂದಾನ. ಮರಾಠಿ ಮಾತಾಡ್ತಾನ. ಫೋಟೋ ತೆಗೀಲಾಕತ್ಯಾನ."

"ನಿಲಂಗಾದ ಸ್ಟುಡಿಯೋದವ ಇರಬೇಕು ಅವ್ವಾ" ಅಂದೆ.

"ಸ್ಟುಡಿಯೋದಾಂವಗ ನನ್ನ ಹೊಲದಾಗ ಏನು ಕೆಲಸ? ಯಾರ ಲಗ್ನ ಅದ ಅಲ್ಲಿ, ಕಡ್ಲೀದೋ ಜ್ವಾಳದ್ದೋ?"

ಅತ್ತೆಯ ತವರು ಮಾಕಣಿಯ ಕಡೆ. ಅಲ್ಲಿಯ ಹೊಲಗಳೆಲ್ಲ ಅಣೆಕಟ್ಟಿನ ನೀರಿನಲ್ಲಿ ಹೋದವು. ಮದುವೆಯಾದ ಹೊಸತರಲ್ಲಿ ನನಗೆ ಅವರು ಹೇಳಿದ ಮೊದಲ ಕಥೆಯೇ ಅದು. "ನೀರು ಆಮ್ಯಾಲ ಬಂತು. ಮೊದಲ ಕ್ಯಾಮೆರಾ ಬಂತು. ಮರಾಠಿಯೊಳಗ ಛಂದ ಮಾತಾಡಿ, ನಮ್ಮಪ್ಪಗ ಕಾಕಾ ಕಾಕಾ ಅಂದು, ಫೋಟೋ ತೊಗೊಂಡು ಹೋದ್ರು. ಈಗ ನಮ್ಮಪ್ಪನ ಗದ್ಗಿ ನೀರಾಗ ಅದ. ಎಡಿ ಎಲ್ಲಿ ಒಯ್ಯಲಿ ನಾ?" ಈಗ ಮಾವನವರ ಗದ್ದುಗೆಗೂ ಅದೇ ಆಗುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟರು.

ಮರುದಿನದಿಂದ ಮೊಳಕಾಲು ನೋವನ್ನೂ ಲೆಕ್ಕಿಸದೆ ಬೆಳಿಗ್ಗೆಯೇ ಹೊಲಕ್ಕೆ ಹೋಗಿ ಬದುವಿನ ಬಾಯಿಗೆ ಕೂರತೊಡಗಿದರು. ಬುತ್ತಿ ಕಟ್ಟಿ ಕಳಿಸಿದರೆ ಹಾಗೇ ವಾಪಸು ಬರುತ್ತಿತ್ತು. ನಾನು ಬಿಚ್ಚಿ ನೋಡಿದರೆ ರೊಟ್ಟಿಯ ಒಂದು ಅಂಚು ಮುರಿದಿರುತ್ತಿತ್ತು, ಅಷ್ಟೇ. ಫೋಟೋದವರು ಮಾತ್ರ ಬಿಡಲಿಲ್ಲ. ಒಂದು ದಿನ ರಸ್ತೆಯ ಕಡೆಯಿಂದ, ಇನ್ನೊಂದು ದಿನ ಬಾವಿಯ ಕಡೆಯಿಂದ. ಅತ್ತೆ ಕೋಲು ಹಿಡಿದು ಏಳುವಷ್ಟರಲ್ಲಿ ಸ್ಕೂಟರು ಹತ್ತಿ ಹೋಗಿಬಿಡುವರು. ಯಜಮಾನರು, "ರಸ್ತೆ ಗುತ್ತಿಗೆದಾರನ ಮನಷ್ಯಾನೇ ಇರಬೇಕು" ಅಂದರು. ನನಗೂ ಹಾಗೇ ಅನ್ನಿಸತೊಡಗಿತ್ತು.

ಆದ್ದರಿಂದ ಒಂದು ದಿನ ಬಸ್ಸು ಹತ್ತಿ ನಿಲಂಗಾಕ್ಕೆ ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮಗ ಯಾರು ಕಳಿಸ್ಯಾರ್ರೀ ನಮ್ಮ ಹೊಲಕ್ಕ?"

ಅವರು ಕೂತಲ್ಲಿಂದ ಎದ್ದರು. ಜಲಪಾತದ ಪರದೆಯನ್ನು ಸರಿಸಿ ಹಿಂದಿನ ಕೋಣೆ ತೋರಿಸಿದರು. ಗೋಡೆಯ ತುಂಬ ಮುಖಗಳು. ಒಂದೂ ನಗುತ್ತಿರಲಿಲ್ಲ. ಕಂಬಳಿಯ ಹೆಂಗಸು, ಉಳ್ಳಾಗಡ್ಡಿಯವನು, ಹುಬ್ಬು ಗಂಟಿಕ್ಕಿದ ನನ್ನ ಮಗಳು. ಎಲ್ಲರೂ ನನ್ನನ್ನೇ ಕಳ್ಳಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಒಂದರಲ್ಲಿ ಮಾತ್ರ ಮುಖವಿರಲಿಲ್ಲ. ದೇವಣಿಯ ಬಿಳಿ ಎತ್ತು, ಅದರ ಮುಸುಡಿಗೆ ಅಡ್ಡ ಬಿದ್ದ ಒಂದು ಕೆಂಪು ಟಾವೆಲ್, ಟಾವೆಲ್ ಹಿಡಿದ ಕೈ.

"ದೇವಣಿ ಬಜಾರದಾಗ ತೆಗದದ್ದು" ಅಂದರು. "ನನ್ನ ಎತ್ತಿಗಿ ನದರ ಆಗ್ತದ ಅಂತ ಆ ಯಜಮಾನ ಟಾವೆಲ್ ಹಾಕ್ದ. ಫೋಟೋ ಅಳಸು ಅಂತ ಜಗಳ ತೆಗದ. ನಿಮ್ಮ ಎತ್ತು ಯಾರು ತೆಗದಾರ್ರೀ ಕಾಕಾ, ನಿಮ್ಮ ಟಾವೆಲ್ದು ತೆಗದೀನಿ ಅಂದೆ. ಆಮ್ಯಾಲ ಟಾವೆಲ್ಲಿಗೂ ನದರ ಆಗ್ತದಂತ ಹೆದರಿದ ಬಿಡ್ರಿ."

ನನಗೆ ನಗು ಬಂತು, ತಡೆದುಕೊಂಡೆ. ಯಾಕೆ ಬರೀ ಇಂಥವು ಎಂದು ಕೇಳಿದೆ.

ಅವರು ಜೇಬಿನ ಹಳದಿ ಬಟ್ಟೆ ತೆಗೆದು, ಸ್ವಚ್ಛವಾಗಿಯೇ ಇದ್ದ ಗಾಜನ್ನು ಒರೆಸತೊಡಗಿದರು. "ಲಗ್ನದ ಫೋಟೋ ತೆಗದು ತೆಗದು ಕಣ್ಣು ಸತ್ತಿದ್ವು ವೈನಿ. ಏನು ನೋಡಿದ್ರೂ ತೆಗೀಬೇಕು ಅನಸ್ತಿರಲಿಲ್ಲ. ಕ್ಯಾಮೆರಾ ಮಾರಿ ಕಿರಾಣಿ ಹಾಕಬೇಕು ಅಂತಿದ್ದೆ. ಒಮ್ಮಿ ಉದಗೀರದಾಗ ಒಂದು ಲಗ್ನದ ಮನಿ. ಮದುಮಗಳು ಎಲ್ಲಿ ಅಂತ ಹುಡಕ್ತಾ ತಪ್ಪಿ ದೇವರ ಖೋಲಿಗಿ ಹೋದೆ. ಮುದುಕಿ ಒಬ್ಬಾಕಿ ಕುಂತಿದ್ಳು. ತಿರುಗಿ ನೋಡಿದ್ಳು ನೋಡ್ರಿ. ಯಾರಿಂವ, ಯಾಕ ಬಂದ, ಏನು ಒಯ್ತಾನ. ಎಲ್ಲಾ ಆ ಒಂದು ನೋಟದಾಗ ಇತ್ತು. ಲಗ್ನದಾಗ ಎಲ್ಲಾರೂ ಕ್ಯಾಮೆರಾಕ್ಕ ನೋಡ್ತಾರ. ಆಕಿ ನನಗ ನೋಡಿದ್ಳು. ಎಷ್ಟೋ ವರ್ಷದ ಮ್ಯಾಲ ಒಬ್ಬರು ನನಗ ಖರೇ ನೋಡಿದ್ದು."

"ಮತ್ತ ನಕ್ಕವರು?"

"ನಂಬಿಕಿ ಬಂದ ಮ್ಯಾಲ ಎಲ್ಲಾರ ಮಾರಿ ಒಂದೇ ಆಗ್ತದ್ರಿ. ನಂಬೂಕ್ಕಿಂತ ಮೊದಲು ಯಾರದು ಅವರದೇ."

ಚಹಾ ಕುಡಿಯದಿರುವುದು, ಊರು ಹೇಳದಿರುವುದು, ತಪ್ಪು ಭಾಷೆ, ಎಲ್ಲದರ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ತನ್ನನ್ನು ಯಾರೂ ನಂಬದ ಹಾಗೆ ಇಷ್ಟು ಜತನ ಮಾಡಿ ಬದುಕುವವರನ್ನು ನಾನು ಬೇರೆ ಕಂಡಿಲ್ಲ.

"ನಿಮ್ಮ ಅತ್ತಿದು ಇನ್ನಾ ಸಿಕ್ಕಿಲ್ರಿ" ಎಂದು ಅವರೇ ಮುಂದುವರಿಸಿದರು. "ಉದಗೀರದ ಆ ಮುದುಕಿದು ಕಣ್ಣಾಗ ಉಳೀತು, ಕ್ಯಾಮೆರಾದಾಗ ಬರಲಿಲ್ಲ. ಅಂಥಾದೇ ನಿಮ್ಮ ಅತ್ತಿ ಕಣ್ಣಾಗ ಅದ. ಆದ್ರ ನಾ ಕ್ಯಾಮೆರಾ ಎತ್ತೂದ್ರಾಗ ಸೆರಗ ಬಾಯಾಗ ಕಚ್ಚಿ ಮಾರಿ ತಿರಗಿಸ್ತಾರ. ವೈನಿ, ಒಂದ ಮಾತು. ಅವರಿಗಿ ಇದೆಲ್ಲಾ ಹೇಳಬ್ಯಾಡ್ರಿ. ಹೇಳಿದ್ರ ಹೋಯ್ತು ಅದು."

"ಅವರು ಊಟ ಬಿಟ್ಟಾರ್ರೀ. ಗಂಡನ ಗದ್ಗಿ ಹೋಗ್ತದಂತ ದಿನಾ ಬಿಸಲಾಗ ಕುಂತು ಕಾಯ್ತಾರ."

"ಗೊತ್ತದ್ರಿ" ಅಂದರು.

ಗೊತ್ತಿಲ್ಲ ಅಂದಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಮುದುಕಿಯ ಅಂಜಿಕೆಯನ್ನು ಒಲೆಯ ಮೇಲೆ ಇಟ್ಟು, ಹದಕ್ಕೆ ಬರಲಿ ಎಂದು ಕಾಯುವ ಮನುಷ್ಯ. ಇನ್ನೊಂದು ಸಂಶಯವೂ ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಅವರು ಹೇಳಿದ್ದೆಲ್ಲ ನಿಜ ಅನ್ನುವುದಕ್ಕಾದರೂ ಏನು ಆಧಾರ? ಗುತ್ತಿಗೆದಾರನ ಮನುಷ್ಯನೂ ಗೋಡೆಗೆ ಫೋಟೋ ಅಂಟಿಸಬಹುದು.

ಮನೆಗೆ ಬಂದವಳೇ ಅತ್ತೆಗೆ ಎಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿದರು. ಹೇಳಿದ ಮೇಲೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

"ಸಂಶಯದ ಮಾರಿ ಬೇಕಂತ ಅವಗ?"

"ಹೂಂ ಅವ್ವಾ."

"ನನ್ನಂಥಾ ಸುಕ್ಕು ಬಿದ್ದ ಮುದುಕಿ ಮಾರಿ ಸಲುವಾಗಿ ಪೆಟ್ರೋಲ್ ಸುಟಗೊಂಡು ಅಷ್ಟು ದೂರದಿಂದ ಬರ್ತಾನ?" ಮೊರದಿಂದ ಒಂದು ಹರಳು ತೆಗೆದು ಅಂಗಳಕ್ಕೆ ಎಸೆದರು. "ನೀ ಇಂಗ್ಲಿಷ್ ಸಾಲಿ ಕಲತಾಕಿ, ಯಾರು ಏನು ಹೇಳಿದ್ರೂ ನಂಬ್ತಿ. ಆಫೀಸಿನಾಂವ ಅಂದಿದ್ರ ನಾ ನಂಬ್ತಿದ್ದೆ. ಇದ್ರಾಗ ಏನೋ ಅದ."

ಮರುದಿನವೂ ಬುತ್ತಿ ಹಾಗೇ ಬಂತು.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಈ ಸೀಮೆಯಲ್ಲಿ ಮನೆಗಳಿಗೆ ಬೀಗ, ಜನವೆಲ್ಲ ಹೊಲದಲ್ಲಿ. ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮಾಡಿ, ಎಲ್ಲ ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆಸಿದ ಅಂಬಲಿ ಉಣ್ಣುತ್ತೇವೆ. ಬದುವಿನ ಮೇಲೆ ಹಾದು ಹೋಗುವವರು ಯಾರೇ ಇರಲಿ, ಕರೆದು ಉಣಿಸಬೇಕು. ಜಗಳವಾಡಿದ ಭಾಗದಾರನನ್ನೂ ಅವತ್ತು ಕರೆಯುತ್ತಾರೆ.

ಅವರು ಬಂದರು. ರಸ್ತೆಯ ಮಗ್ಗುಲಿಗೆ ಸ್ಕೂಟರು ನಿಲ್ಲಿಸಿ, ಯಾವಾಗಿನ ಜಾಗದಲ್ಲಿ ನಿಂತರು. ಅತ್ತೆ ಗದ್ದುಗೆಗೆ ಎಡೆ ಇಟ್ಟು ಏಳುತ್ತಿದ್ದವರು ನೋಡಿದರು. ನಾನು ಕೋಲು ಎಲ್ಲಿದೆ ಎಂದು ಹುಡುಕಿದೆ.

"ಏ ತಮ್ಮಾ, ಬಾ ಇಲ್ಲಿ. ಉಣ್ಣು."

ಅವರು ಮೊದಲು ನನ್ನ ಕಡೆ ನೋಡಿದರು. ನಾನು ಹೇಳಿಬಿಟ್ಟಿದ್ದೇನೆ ಎಂದು ತಿಳಿದುಕೊಂಡರು. ಆದರೂ ಬೂಟು ಕಳಚಿ ಬಂದು ಚಾಪೆಯ ಅಂಚಿಗೆ ಕೂತರು. ಯಾರ ಕೈಯಿಂದಲೂ ಏನೂ ತಿನ್ನದಿದ್ದವರಿಗೆ ಅತ್ತೆ ಅಂಬಲಿಯ ಬಟ್ಟಲು ಕೊಟ್ಟರು.

"ಕನ್ನಡ ಬರ್ತದಂತಲ್ಲ ನಿನಗ."

"ಬರ್ತದ ಯವ್ವಾ."

"ಊರು ಯಾವುದು?"

ಅವರು ಬಾಯಿ ತೆರೆದರು.

"ಖರೇ ಊರು" ಅಂದರು ಅತ್ತೆ.

ಅವರು ತೆರೆದ ಬಾಯಿಗೆ ಅಂಬಲಿಯ ಬಟ್ಟಲು ಹಚ್ಚಿದರು. ಅತ್ತೆ ಎರಡನೇ ಸಲ ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿ, ಉಂಡು ಮುಗಿಸುವವರೆಗೂ ಎದುರಿಗೇ ಕೂತರು. ಕ್ಯಾಮೆರಾ ಅವರ ಕೊರಳಲ್ಲಿ ಮುಚ್ಚಳ ಹಾಕಿಕೊಂಡು ತೂಗುತ್ತಿತ್ತು. ಉಣ್ಣಲು ಕರೆದ ಹೆಂಗಸಿನ ಮುಖದಲ್ಲಿ ಅವರಿಗೆ ಬೇಕಾದದ್ದು ಇನ್ನೆಲ್ಲಿರುತ್ತದೆ? ಅವರ ಹೆಗಲು ಇಳಿದದ್ದನ್ನು ನೋಡಿ ನನಗೆ ಒಂದು ಕ್ಷಣ ಕೆಡುಕೆನಿಸಿತು.

ಅವರು ಕೈ ತೊಳೆಯುತ್ತಲೇ ಅತ್ತೆ ಎದ್ದರು. "ನೀ ಖರೇನೇ ಫೋಟೋದಾಂವ ಇದ್ರ, ನನ್ನ ಹೊಲದ ಫೋಟೋ ತೆಗಿ."

"ಹೊಲದ ಫೋಟೋ ಏನು ಮಾಡ್ತಿ ಯವ್ವಾ?"

"ಮಾಕಣ್ಯಾಗ ಫೋಟೋ ಅವರ ಹತ್ರ ಇದ್ವು, ನಮ್ಮ ಹತ್ರ ಒಂದೂ ಇರಲಿಲ್ಲ. ಇಲ್ಲಿ ಹೊಲಾ ಇತ್ತು, ಗದ್ಗಿ ಇತ್ತು ಅಂದ್ರ ಯಾರೂ ಕೇಳಲಿಲ್ಲ. ನಾಳಿ ನನಗೂ ಯಾರೂ ಕೇಳೂದಿಲ್ಲ. ಆಫೀಸಿನಾಂವ ಇದ್ರ ತೆಗೀಬ್ಯಾಡ, ಎದ್ದು ಹೋಗು. ಅಲ್ಲದಿದ್ರ ನಡಿ."

ಅವರು ಎದ್ದು ಹೋಗಲಿಲ್ಲ. ಮುಚ್ಚಳ ತೆಗೆದರು.

ಅತ್ತೆ ಕುಂಟುತ್ತ ಮುಂದೆ, ಅವರು ಹಿಂದೆ, ನಾನು ಬುಟ್ಟಿ ಹೊತ್ತು ಅವರ ಹಿಂದೆ. ಗಡಿ ಕಲ್ಲಿನ ಫೋಟೋ ತೆಗಿ ಎಂದು ಅತ್ತೆ ಅಂದರು, ಅವರು ತೆಗೆದರು. ಬಾವಿ, ಬಾವಿಯ ಮೆಟ್ಟಿಲು, ಬೇವಿನ ಗಿಡ, ಗಿಡದ ಆ ಮಗ್ಗುಲು ಈ ಮಗ್ಗುಲು. "ರಸ್ತಾ ಕಾಣಬೇಕು. ಇಲ್ಲಾಂದ್ರ ಇದು ಯಾರದೋ ಹೊಲ ಅಂತಾರ." ಸ್ಟುಡಿಯೋದಲ್ಲಿ ಆಕಳಿಸುತ್ತಿದ್ದ ಮನುಷ್ಯ ಕಡಲೆ ಗಿಡದ ನಡುವೆ ಮೊಳಕಾಲೂರಿ, ಅತ್ತೆ ತೋರಿಸಿದ ಕಲ್ಲುಗಳದೆಲ್ಲ ಫೋಟೋ ತೆಗೆಯುತ್ತಿದ್ದರು. ಕೊನೆಗೆ ಗದ್ದುಗೆ. ಎಡೆಯ ಎಲೆ ಇನ್ನೂ ಹಸಿಯಾಗಿತ್ತು.

"ತೆಗದೆ ಯವ್ವಾ."

"ತೋರ್ಸು."

ಅತ್ತೆ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡರು. ಪಟ್ಟಿ ಫೋಟೋದವರ ಕೊರಳಲ್ಲೇ ಇತ್ತು. ಅತ್ತೆ ಎಳೆದಷ್ಟಕ್ಕೆ, ಹಗ್ಗ ಹಿಡಿದ ಎತ್ತಿನ ಹಾಗೆ ಕತ್ತು ಬಾಗಿಸಿ ನಿಂತರು. ಅತ್ತೆ ಬಿಸಿಲಿಗೆ ಸೆರಗನ್ನು ಮರೆ ಮಾಡಿ, ಆ ಸಣ್ಣ ಪರದೆಯೊಳಗೆ ನೋಡಿದರು. ಕಣ್ಣು ಕಿರಿದಾಯಿತು. ಇದು ನನ್ನದೇ ಹೊಲವೋ ಬೇರೆ ಯಾರದೋ, ಇವನು ತೆಗೆದನೋ ತೆಗೆದ ಹಾಗೆ ಮಾಡಿದನೋ, ಇದರಲ್ಲಿ ಏನು ಬಿಟ್ಟ, ಯಾಕೆ ಬಿಟ್ಟ. ಸೆರಗು ಬಾಯಲ್ಲಿರಲಿಲ್ಲ. ಮುಖ ಪೂರ್ತಿ ಬಿಸಿಲಿಗೆ ತೆರೆದಿತ್ತು. ಅವರಿಂದ ಒಂದು ಗೇಣು ದೂರ.

ಅವರ ಎಡಗಣ್ಣು ಅರ್ಧ ಮುಚ್ಚಿತು. ಬಲಗೈಯ ಬೆರಳು ಗಾಳಿಯಲ್ಲಿ ಒಮ್ಮೆ ಒತ್ತಿತು. ನನ್ನ ಕೈಯಲ್ಲಿ ಮೊಬೈಲಿತ್ತು. ಅವರು ಅದನ್ನು ನೋಡಿದರು, ನೀವಾದರೂ ತೆಗೆಯಿರಿ ಎನ್ನುವ ಹಾಗೆ ನನ್ನನ್ನು ನೋಡಿದರು. ನಾನು ಅದನ್ನು ಬುಟ್ಟಿಯಲ್ಲಿ ಭಜ್ಜಿಯ ಪಾತ್ರೆಯ ಪಕ್ಕಕ್ಕೆ ಇಟ್ಟೆ. ಅವರು ಮತ್ತೆ ಅತ್ತೆಯ ಕಡೆ ತಿರುಗಿ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, ನೋಡುತ್ತಲೇ ನಿಂತರು.

ಅತ್ತೆ ತಲೆ ಎತ್ತಲಿಲ್ಲ.

"ಗದ್ಗಿ ಅರ್ಧಾನೇ ಬಂದದ" ಅಂದರು. "ಮತ್ತ ತೆಗಿ."